ಮೆರುಗೋ ಮೆಳುಗೋ

"ಇದು ಯಾವಾಗಿನಿಂದ?" ಎಂದು ಡಾಕ್ಟರು ಕೇಳಿದರು. ಕೇಳಿದ್ದು ಅಣ್ಣನನ್ನಲ್ಲ, ನನ್ನನ್ನು. ಅಣ್ಣ ಪಕ್ಕದ ಕುರ್ಚಿಯಲ್ಲೇ ಕೂತು, ಬಿ.ಪಿ. ನೋಡಲು ಮೇಲೆ ಸರಿಸಿದ್ದ ಅಂಗಿಯ ತೋಳನ್ನು ಕೆಳಗೆ ಎಳೆದುಕೊಳ್ಳುತ್ತಿದ್ದ. ಅವನ ಆಚೆ ಅತ್ತಿಗೆ, ಮಡಿಲಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆ.

ಡಾಕ್ಟರು ತಮಿಳಿನಲ್ಲಿ ಬಿಡಿಸಿ ಹೇಳಿದರು. ಸ್ಕ್ಯಾನಿನಲ್ಲಿ ಕಾಣುವುದು ಈ ವಯಸ್ಸಿನ ಬಹಳ ಜನರಲ್ಲಿ ಕಾಣುವಂಥದ್ದೇ, ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಈ ಮರೆವು, ಈ ಮಾತು ಬದಲಾಯಿಸುವುದು ಈಚೆಗೆ ಶುರುವಾದದ್ದೋ, ಇಲ್ಲ ಇವರು ಮೊದಲಿನಿಂದಲೂ ಹೀಗೆಯೋ, ಅದನ್ನು ಹತ್ತಿರದಿಂದ ನೋಡಿದವರು ಹೇಳಬೇಕು. "ಕಾರ್ಖಾನೆ ಶುರುವಾದಾಗಿನಿಂದ ನೀವು ಜೊತೆಗಿದ್ದೀರಂತೆ. ಯೋಚನೆ ಮಾಡಿ, ಮುಂದಿನ ವಾರ ಬಂದು ಹೇಳಿ. ಅಲ್ಲಿಯವರೆಗೆ ಇವರು ಮೆಷಿನ್ ಮುಟ್ಟದಿದ್ದರೆ ಒಳ್ಳೆಯದು."

"ಮುಟ್ಟದೆ?" ಎಂದ ಅಣ್ಣ. "ಅದು ನನ್ನ ಕೈ ಸಾರ್. ಕೈ ಬಿಚ್ಚಿಟ್ಟು ಮನೇಲಿ ಕೂತ್ಕೊ ಅಂತೀರಲ್ಲ."

ಹೊರಗೆ ಬಂದು ಆಟೋಗೆ ಕಾಯುವಾಗ ಅತ್ತಿಗೆ ನನ್ನ ಪಕ್ಕಕ್ಕೆ ಸರಿದರು. "ನಾನು ಹೇಳಿದ್ರೆ ಹೆಂಡತಿ ಗೊಣಗ್ತಾಳೆ ಅಂತಾರೆ. ನೀವು ಓದಿದವರು. ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಅವರು ಪ್ರೆಸ್ ಮುಂದೆ ನಿಂತ್ಕೋಬೇಕಾ ಬೇಡ್ವಾ ಅನ್ನೋದು ಈಗ ನಿಮ್ಮ ಬಾಯಲ್ಲಿ ಇರೋದು."

ಅವರು ಕೇಳಬಾರದವನನ್ನು ಕೇಳಿದ್ದರು. ನಾನು ಲೋಹವಿಜ್ಞಾನ ಓದಿ, ಅದನ್ನೇ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನು. ಯಾರು ಏನು ಹೇಳಿದರೂ ಹೇಗೆ ಗೊತ್ತು ಎಂದು ಕೇಳುವುದು ನನ್ನ ಚಾಳಿ. ಆ ಚಾಳಿ ನಡುವಯಸ್ಸಿನಲ್ಲಿ ನನ್ನ ಮೇಲೇ ತಿರುಗಿತು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಯ ಹಿಂದೆ ನುಗ್ಗೆಮರ ಇತ್ತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಅದು ಪಕ್ಕದ ಮನೆಯದು, ನಾವು ಕದ್ದು ಕೀಳುತ್ತಿದ್ದೆವು ಎಂದು ಅಣ್ಣ ಆಣೆ ಮಾಡಿ ಹೇಳುತ್ತಾನೆ. ಕ್ವಾರ್ಟರ್ಸ್ ಕೆಡವಿ ಆಗಿದೆ. ಮರ ಯಾರದಾಗಿತ್ತೆಂದು ಹೇಳಬಲ್ಲವಳು ಅಮ್ಮ ಒಬ್ಬಳೇ, ಆದರೆ ಅವಳು ಕೊನೆಕೊನೆಗೆ ನನ್ನನ್ನೇ ಅಣ್ಣನ ಹೆಸರಿನಿಂದ ಕರೆಯುತ್ತಿದ್ದಳು. ಆ ಅಮ್ಮನಿಗೇ ನಾವಿಬ್ಬರೂ ಹುಟ್ಟಿದವರು. ಅಣ್ಣನಿಗೆ ಬಂದದ್ದು ನನಗೆ ಬರುವುದಿಲ್ಲ ಎನ್ನಲು ನನ್ನ ಹತ್ತಿರ ಯಾವ ಆಧಾರವೂ ಇಲ್ಲ.

ಬೆಸೆಂಟ್ ನಗರದ ನನ್ನ ಮನೆಗೆ ಬಂದು ಆ ವಾರವೆಲ್ಲ ಒಂದೇ ಘಟನೆಯನ್ನು ಹಿಂದೆಮುಂದೆ ಮಾಡಿ ನೋಡಿದೆ. ಅದು ಒಂದು ಫೋನ್ ಕರೆ. ಅದರಲ್ಲಿ ಒಂದೇ ಒಂದು ಪದ.

ಅಣ್ಣ ನನಗಿಂತ ಬಹಳ ದೊಡ್ಡವನು. ಅಪ್ಪನ ಹಾಗೆ ರೈಲ್ವೆಗೆ ಸೇರದೆ, ಐ.ಟಿ.ಐ. ಮುಗಿಸಿ, ಹತ್ತಾರು ಕಡೆ ಉಕ್ಕಿನ ಅಚ್ಚು ಮಾಡುವ ಕೆಲಸ ಮಾಡಿ, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅಂಬತ್ತೂರಿನಲ್ಲಿ ಒಂದು ಶೆಡ್ ಹಿಡಿದಿದ್ದ. ಕಾರ್ಬೈಡ್ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಬೇಯಿಸಿ, ಕೊಳವೆಯಂಥ ಬುಷ್ಷು, ರಿಂಗು, ತಂತಿ ಎಳೆಯುವ ಡೈಗಳ ಒಳಕವಚ ಮಾಡುವುದು ಅವನ ಕಸುಬು. ಟಂಗ್‌ಸ್ಟನ್ ಕಾರ್ಬೈಡ್ ಎಂದರೆ ಉಕ್ಕನ್ನು ಕೊಯ್ಯುವಷ್ಟು ಗಟ್ಟಿ. ಕಬ್ಬಿಣದ ಪುಡಿಯನ್ನು ಒತ್ತಿದರೆ ಕಣಗಳು ಚಪ್ಪಟೆಯಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಇದರ ಕಣ ಎಷ್ಟು ಒತ್ತಿದರೂ ಬಗ್ಗುವುದಿಲ್ಲ, ಜಾಗ ಸಿಕ್ಕರೆ ಸರಿದು ಕೂರುತ್ತದೆ, ಅಷ್ಟೆ. ಹಿಡಿದು ನಿಲ್ಲಿಸಲು ಸ್ವಲ್ಪ ಕೋಬಾಲ್ಟ್, ಜಾರಿ ಕೂರಲು ಸ್ವಲ್ಪ ಮೇಣ.

"ನಿನ್ನ ಥಿಯರಿ ಎಲ್ಲ ರವೆ ಉಂಡೆ ಕಣೋ," ಎನ್ನುತ್ತಿದ್ದ ಅಣ್ಣ. "ತುಪ್ಪ ಕಮ್ಮಿ ಆದ್ರೆ ಉದುರುತ್ತೆ, ಜಾಸ್ತಿ ಆದ್ರೆ ಕುಸಿಯುತ್ತೆ. ಇದನ್ನ ಹೇಳಕ್ಕೆ ಯೂನಿವರ್ಸಿಟಿ ಬೇಕಿತ್ತಾ?"

"ರವೆ ಉಂಡೆನ ನೀನು ಕುಲುಮೆಗೆ ಹಾಕಲ್ಲ."

"ನಿಮ್ಮತ್ತಿಗೆ ಮಾಡಿದ್ದು ತಿಂದಿದೀಯ ತಾನೇ? ಕುಲುಮೆಯಿಂದ ತೆಗೆದ ಹಾಗೇ ಇರುತ್ತೆ."

ಅವನ ಕೆಲಸ ಚೆನ್ನಾಗಿತ್ತು. ಬಾಯಿ ಅದಕ್ಕಿಂತ ದೊಡ್ಡದಿತ್ತು. ನನ್ನ ಯೋಚನೆಯನ್ನು ಸ್ವಲ್ಪ ದಿನ ಹೀಯಾಳಿಸಿ, ಆಮೇಲೆ ಅದು ತನ್ನದೇ ಎಂದು ಬೇರೆಯವರ ಮುಂದೆ ಹೇಳುವುದು ಅವನಿಗೆ ರೂಢಿ. ನನಗದು ಸಿಟ್ಟು ತರಿಸುತ್ತಿತ್ತು, ಆದರೂ ರಜೆ ಸಿಕ್ಕಾಗಲೆಲ್ಲ ಅಂಬತ್ತೂರಿನ ಬಸ್ಸು ಹತ್ತುತ್ತಿದ್ದೆ. ಕಾಲೇಜಿನಲ್ಲಿ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಅಲ್ಲಿ ಕಣ್ಣೆದುರು ಬಿರುಕು ಬಿಡುತ್ತಿತ್ತು.

ಹೌದು, ಬಿರುಕು. ಆ ವರ್ಷ ಅವನಿಗೆ ಉದ್ದನೆಯ ಬುಷ್ಷುಗಳ ದೊಡ್ಡ ಕೆಲಸ ಬಂದಿತ್ತು. ಉದ್ದ ಹೆಚ್ಚಾದಷ್ಟೂ ಕಷ್ಟ. ಮೇಲಿನಿಂದ ಒತ್ತಿದ ಬಲವನ್ನು ಅಚ್ಚಿನ ಗೋಡೆಯೇ ತಿಂದುಹಾಕುತ್ತದೆ, ಕೆಳಗಿನ ಪುಡಿಗೆ ಅದು ತಲುಪುವುದೇ ಇಲ್ಲ. ಮೇಲೆ ಗಟ್ಟಿ, ಕೆಳಗೆ ಸಡಿಲ. ಬೇಯುವಾಗ ಸಡಿಲವಿದ್ದ ಕಡೆ ಹೆಚ್ಚು ಕುಗ್ಗಿ, ಬುಷ್ಷು ಲೋಟದ ಆಕಾರಕ್ಕೆ ಬರುತ್ತಿತ್ತು. ಇನ್ನು ಕೆಲವು ಕುಲುಮೆಯವರೆಗೂ ಹೋಗುತ್ತಿರಲಿಲ್ಲ. ಅಚ್ಚಿನಿಂದ ಮೇಲೆ ತಳ್ಳುವಾಗ, ಅಲ್ಲಿಯವರೆಗೆ ಬಿಗಿದಿಟ್ಟಿದ್ದ ಗೋಡೆ ತಪ್ಪಿದ್ದೇ ತಡ, ಈರುಳ್ಳಿಯ ಪದರದ ಹಾಗೆ ಅಡ್ಡಡ್ಡ ಬಿಟ್ಟುಕೊಳ್ಳುತ್ತಿದ್ದವು.

ಅಚ್ಚನ್ನು ಬಿಗಿದು ಕೂರಿಸುವ ಬದಲು ಸ್ಪ್ರಿಂಗುಗಳ ಮೇಲೆ ತೇಲಿಸೋಣ ಎಂದೆ. ಪುಡಿಯನ್ನು ಒತ್ತುವ ಮೇಲಿನ ಪಂಚ್ ಇಳಿದಾಗ ಅಚ್ಚೂ ಜೊತೆಗೆ ಸ್ವಲ್ಪ ಇಳಿದರೆ, ಕೆಳಗಿನ ಪಂಚ್ ತಾನೇ ಮೇಲೆ ಒತ್ತಿದ ಹಾಗಾಗುತ್ತದೆ. ಎರಡೂ ಕಡೆಯಿಂದ ಒತ್ತಡ.

"ಅಚ್ಚು ತೇಲೋದಾ?" ಅಣ್ಣ ಶೆಡ್ಡಿನವರಿಗೆಲ್ಲ ಕೇಳುವ ಹಾಗೆ ನಕ್ಕ. "ಇದೇನು ಮೈಲಾಪೂರದ ತೆಪ್ಪೋತ್ಸವನಾ? ಪುರೋಹಿತರನ್ನೂ ಕರೆಸಲಾ ಪ್ರೊಫೆಸರೇ?"

ನಕ್ಕ ಮೇಲೆ ಸ್ಪ್ರಿಂಗು ತರಿಸಿದ. ತರಿಸಿದ ಹೊತ್ತಿಗೆ ಕಾಮಾಲೆ ಬಂದು ಮಲಗಿದ. ಕಾಲೇಜಿಗೆ ರಜೆ ಇದ್ದದ್ದರಿಂದ ಶೆಡ್ ನೋಡಿಕೊಳ್ಳಲು ನಾನು ಹೋದೆ.

ಆಗ ಬಂತು ಆ ಕರೆ. ಪೆರಂಬೂರಿನಲ್ಲಿದ್ದ ತನ್ನ ಮನೆಯಿಂದ ಅಣ್ಣನೇ ಮಾಡಿದ್ದ. ಫೋನ್ ಇದ್ದದ್ದು ಬಾಲ್ ಮಿಲ್ಲಿನ ಪಕ್ಕದಲ್ಲಿ. ಒಳಗೆ ಗುಂಡುಗಳು ಉರುಳುತ್ತ ಪುಡಿ ಅರೆಯುವ ಸದ್ದಿನಲ್ಲಿ ಒಂದು ಕಿವಿಗೆ ರಿಸೀವರ್ ಒತ್ತಿ, ಇನ್ನೊಂದನ್ನು ಅಂಗೈಯಿಂದ ಮುಚ್ಚಿಕೊಂಡಿದ್ದೆ. ಅವನ ದನಿ ಸೋತಿತ್ತು. ಸ್ಪ್ರಿಂಗ್ ಹಾಕಿದ್ಯಾ ಎಂದ. ಹಾಕ್ತಾ ಇದೀವಿ ಎಂದೆ. ಹೊಸ ಡ್ರಮ್ಮಿನ ಪುಡಿ ತೆಗಿ ಎಂದ. ಆಮೇಲೆ ಸ್ವಲ್ಪ ತಡೆದು, ಏನೋ ಹುಡುಕುವವನ ಹಾಗೆ, "ಅದೇ... ಒಳಗೋಡೆಗೆ... ಅದು ಹಾಕಕ್ಕೆ ಹೇಳು, ಮೆರುಗು," ಎಂದ.

ಮೆರುಗು ಎಂದನೇ? ನನಗೆ ಕೇಳಿಸಿದ್ದು ಅದು. ನಮ್ಮ ಕನ್ನಡದಲ್ಲೂ ಇಲ್ಲಿಯ ತಮಿಳಿನಲ್ಲೂ ಮೆರುಗು ಅಂದರೆ ಹೊಳಪೇ. ಆದರೆ ತಮಿಳಿನಲ್ಲಿ ಮೇಣಕ್ಕೆ ಇರುವ ಪದವೂ ಅದರ ಒಡಹುಟ್ಟಿದಂತೆಯೇ ಇದೆ, ನಡುವಿನ ಅಕ್ಷರ ಒಂದು ಬೇರೆ. ನಾಲಿಗೆಯನ್ನು ಹಿಂದಕ್ಕೆ ಮಡಚಿ ಹೇಳುವ ಆ ಅಕ್ಷರವನ್ನು ಮದ್ರಾಸಿನ ಬೀದಿಯವರು ಳ ಮಾಡಿಕೊಂಡು ಮೆಳುಗು ಅನ್ನುತ್ತಾರೆ. ನಮ್ಮ ಮನೆಯವರ ನಾಲಿಗೆ ಎರಡು ತಲೆಮಾರು ಇಲ್ಲಿದ್ದೂ ಅದಕ್ಕೆ ಪೂರ್ತಿ ಬಗ್ಗಲಿಲ್ಲ. ಅರ್ಧ ರ, ಅರ್ಧ ಳ, ನಡುವೆ ಏನೋ ಒಂದು. ನಮ್ಮ ಮನೆಯಲ್ಲಿ ಮೇಣದಬತ್ತಿ ಎಂದು ಯಾರೂ ಅಂದದ್ದು ನನಗೆ ನೆನಪಿಲ್ಲ. ಕರೆಂಟ್ ಹೋದರೆ ಅಮ್ಮ ತರಲು ಹೇಳುತ್ತಿದ್ದದ್ದು ಮೆಳುಗುವತ್ತಿಯನ್ನೇ, ಅವಳದೇ ಉಚ್ಚಾರದಲ್ಲಿ.

ಗೋಡೆಗೆ ಮೇಣ ಸವರಿದರೂ ಪುಡಿ ಜಾರುತ್ತದೆ. ಗೋಡೆಗೆ ಹೊಳಪು ಕೊಟ್ಟರೂ ಜಾರುತ್ತದೆ. ಎರಡೂ ಅರ್ಥವಿರುವ ಮಾತೇ. ಮೇಣ ಸವರುವುದು ಒಂದು ಗಳಿಗೆಯ ಕೆಲಸ, ಸರಿ ಬರದಿದ್ದರೆ ಒರೆಸಿಹಾಕಬಹುದು. ಹೊಳಪು ಕೊಡುವುದೆಂದರೆ ಅಚ್ಚಿನ ಒಳಗನ್ನು ವಜ್ರದ ಪೇಸ್ಟಿನಿಂದ ತಿಕ್ಕಿ ಸವೆಸುವುದು. ತೆಗೆದದ್ದು ಮತ್ತೆ ಬರುವುದಿಲ್ಲ.

ಅಚ್ಚಿನ ಬೆಂಚಿನಲ್ಲಿದ್ದ ಮೇಸ್ತ್ರಿ ತಿರುವಳ್ಳೂರಿನ ಕಡೆಯವರು. ನಾನು ಅವರಿಗೆ ಅಣ್ಣ ಹೇಳಿದ ಪದವನ್ನೇ ಹೇಳಿದೆ ಎಂದು ನನ್ನ ನೆನಪು. "ಪಾಲಿಶ್ ತಾನೇ ಸಾರ್?" ಎಂದು ಅವರು ಕೇಳಿದರು. ನಾನು ಹೌದು ಎಂದೆ. ಮಧ್ಯಾಹ್ನವೆಲ್ಲ ಅವರು ಬಿದಿರುಕಡ್ಡಿಗೆ ಬಟ್ಟೆ ಸುತ್ತಿ, ಪೇಸ್ಟು ಹಚ್ಚಿ, ಸುತ್ತಲೂ ಅಲ್ಲದೆ ಮೇಲಿನಿಂದ ಕೆಳಕ್ಕೆ ಉದ್ದುದ್ದ ತಿಕ್ಕಿದರು.

ಮರುದಿನದ ಬುಷ್ಷುಗಳು ಬಿರುಕಿಲ್ಲದೆ ಹೊರಗೆ ಬಂದವು. ಕುಲುಮೆಯಿಂದಲೂ ಹೆಚ್ಚು ಕಡಿಮೆ ನೆಟ್ಟಗೆ ಬಂದವು.

ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ನಾನು ಬೈದು ಕಳಿಸುತ್ತಿದ್ದೆ. ಸ್ಪ್ರಿಂಗು, ಹೊಸ ಡ್ರಮ್ಮಿನ ಪುಡಿ, ಹೊಳಪು, ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಹೇಳುವುದು ಹೇಗೆ? ಶೆಡ್ಡಿನಲ್ಲಿ ಆ ಪ್ರಶ್ನೆ ಯಾರಿಗೂ ಬೇಕಿರಲಿಲ್ಲ. ಬಿರುಕು ಹೋಗಿತ್ತು.

ಅಣ್ಣ ಎದ್ದು ಓಡಾಡುವಂತಾದ ಮೇಲೆ ಶೆಡ್ಡಿಗೆ ಬಂದ. ಹಳದಿ ಇನ್ನೂ ಕಣ್ಣಿನಿಂದ ಹೋಗಿರಲಿಲ್ಲ. ಅಚ್ಚಿನೊಳಗೆ ಕಿರುಬೆರಳು ಇಳಿಸಿ, ಮೇಲಕ್ಕೆ ಎಳೆದು, "ಯಾರು ಮಾಡಿದ್ದು ಇದನ್ನ?" ಎಂದ. ಆ ದನಿ ನನ್ನ ತಲೆಯಲ್ಲಿ ಈಗಲೂ ಇದೆ, ಆದರೆ ಅದು ದಿನಕ್ಕೊಂದು ಥರ ಕೇಳಿಸುತ್ತದೆ. ಒಂದು ದಿನ ಸಿಟ್ಟು, ಒಂದು ದಿನ ಬೆರಗು. ನೀನೇ ಹೇಳಿದ್ಯಲ್ಲ ಎಂದೆ. ಅವನು ಬೆರಳನ್ನು ನೋಡಿಕೊಂಡ. ಒತ್ತಿಟ್ಟಿದ್ದ ಬುಷ್ಷುಗಳ ಸಾಲನ್ನು ನೋಡಿದ. "ಮತ್ತೆ? ನಾನಲ್ದೆ ಇನ್ಯಾರು ಹೇಳ್ತಾರೆ?" ಎಂದ.

ಅಲ್ಲಿಂದ ಮುಂದೆ ಅದು ಅವನ ಮೆರುಗು. ಬಂದವರಿಗೆಲ್ಲ ಕಾಮಾಲೆಯಲ್ಲಿ ಮಲಗಿಕೊಂಡೇ ಬಿರುಕು ಓಡಿಸಿದ ಕತೆ. ನನ್ನ ಸ್ಪ್ರಿಂಗುಗಳು ಆ ಕತೆಯಲ್ಲಿ ಇರಲಿಲ್ಲ. ಅವನು ಮೆಳುಗು ಎಂದಿದ್ದು, ಆಗಿದ್ದನ್ನು ನೋಡಿ ಜಾಣತನದಿಂದ ಮಾತು ತಿರುಗಿಸಿದ ಎಂದು ನಾನು ಒಳಗೊಳಗೇ ನಂಬಿಕೊಂಡಿದ್ದೆ. ನಂಬಲು ಆಧಾರವೇನು? ಅವನ ಮೇಲಿದ್ದ ಸಿಟ್ಟು. ಅದು ಆಧಾರವಲ್ಲ.

ಈಗ, ವರ್ಷಗಳು ಕಳೆದು, ಡಾಕ್ಟರು ಕೇಳಿದ ಮೇಲೆ, ಅದೇ ಘಟನೆಯ ಇನ್ನೊಂದು ಮಗ್ಗುಲು ಕಂಡು ನನ್ನ ನಿದ್ದೆ ಕೆಟ್ಟಿತು. ಶೆಡ್ಡಿನಲ್ಲಿ ಯಾರೂ ಮೆರುಗು ಅನ್ನುವುದಿಲ್ಲ, ಪಾಲಿಶ್ ಅನ್ನುತ್ತಾರೆ. ಮೆಳುಗು ಅಂತೂ ಅನ್ನುವುದೇ ಇಲ್ಲ, ವ್ಯಾಕ್ಸ್ ಅನ್ನುತ್ತಾರೆ. ಅಣ್ಣನ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ ಆ ಎರಡು ಪದಗಳು! ಅವತ್ತು ಮಾತ್ರ ಅವನು ಏಕೆ ತಡೆದು, ಹುಡುಕಿ, ಮನೆಯ ಪದ ತೆಗೆದ? ಕಾಮಾಲೆಯ ನಿತ್ರಾಣವೋ? ಅಥವಾ ಪಾಲಿಶ್ ಅನ್ನುವುದೋ ವ್ಯಾಕ್ಸ್ ಅನ್ನುವುದೋ, ಕಸುಬಿನ ಆ ಪದವೇ ಅವತ್ತು ಅವನಿಗೆ ಸಿಗಲಿಲ್ಲವೋ? ಸಿಗದಿದ್ದರೆ, ಡಾಕ್ಟರು ಕೇಳುವ "ಯಾವಾಗಿನಿಂದ" ಅನ್ನುವುದಕ್ಕೆ ಉತ್ತರ ಅಲ್ಲಿದೆಯೋ? ಅವನು ಆಮೇಲೆ ಹೇಳಿಕೊಂಡು ತಿರುಗಿದ್ದು ಬಡಾಯಿಯಲ್ಲದೆ, ತಾನು ಏನಂದೆನೆಂದು ನಿಜಕ್ಕೂ ಗೊತ್ತಿಲ್ಲದವನ ಮಾತೋ?

ಇಲ್ಲ, ಅವನು ತಡೆದು ಹುಡುಕಿದ ಎನ್ನುವುದೇ ನಾನು ಈಚೆಗೆ ಸೇರಿಸಿಕೊಂಡದ್ದೋ?

ಊರಿಗೆ ಹೋಗಿ ನೆಲೆಸಿದ್ದ ಮೇಸ್ತ್ರಿಗೆ ಫೋನ್ ಮಾಡಿದೆ. ಅವತ್ತು ನಾನು ನಿಮಗೆ ಹೇಳಿದ ಪದ ಯಾವುದು ಎಂದು ಕೇಳಿದೆ. ಅವರು ಜೋರಾಗಿ ನಕ್ಕರು. "ನೀಂಗ ಒಣ್ಣುಮೇ ಸೊಲ್ಲಲೆ ಸಾರ್. ನಾನೇ ತಾನ್ ಪಣ್ಣೇನ್." ನಾನು ಏನೂ ಹೇಳಲೇ ಇಲ್ಲವಂತೆ. ಹೊಳಪು ಕೊಟ್ಟದ್ದು ಪೂರ್ತಿ ಅವರ ಸ್ವಂತ ಯೋಚನೆಯಂತೆ. ಅಣ್ಣ ತಮ್ಮ ಇಬ್ಬರೂ ಸೇರಿ ಅದನ್ನು ಹೊಡೆದುಕೊಂಡರೆಂದು ಅವರ ಮನೆಯವರಿಗೂ ಗೊತ್ತಂತೆ. ಮೂರು ಜನ, ಮೂರು ನೆನಪು. ಪ್ರತಿಯೊಂದರಲ್ಲೂ ಅದನ್ನು ಹೇಳುವವನೇ ದೊಡ್ಡವನು. ನನ್ನದರಲ್ಲಿಯೂ ಹಾಗೆಯೇ. ನಾನೊಬ್ಬನೇ ಸತ್ಯ ಕೇಳಿಸಿಕೊಂಡವನು.

ಡಾಕ್ಟರ ಹತ್ತಿರ ಹೋಗಲು ಕಾರಣವಾದದ್ದು ಬೇರೆ ಸಂಗತಿ. ಪುಡಿಗೆ ಮೇಣ ಬೆರೆಸುವ ಕೆಲಸವನ್ನು ಅಣ್ಣ ಯಾರಿಗೂ ಬಿಟ್ಟುಕೊಟ್ಟವನಲ್ಲ. ಈ ಸಲದ ಮಳೆಗಾಲದಲ್ಲಿ ಒಮ್ಮೆ ಅವನು ಬೆರೆಸಿದ ಪುಡಿ ಬಹಳ ಸೊಗಸಾಗಿ ಒತ್ತಿಕೊಂಡಿತು. ಅಚ್ಚಿನಿಂದ ಬೆಣ್ಣೆಯ ಹಾಗೆ ಜಾರಿ ಬಂತು, ಮೂಲೆಗಳು ಚೂಪಾಗಿ ನಿಂತವು. ಎಲ್ಲರೂ ಖುಷಿಪಟ್ಟರು. ಕುಲುಮೆಯಿಂದ ತೆಗೆದಾಗ ಒಂದೊಂದರ ಮೈಮೇಲೂ ಗುಳ್ಳೆ, ಮುರಿದು ನೋಡಿದರೆ ಒಳಗೆ ತೂತು. ಮೇಣ ಎರಡು ಸಲ ಬಿದ್ದಿತ್ತು. ಅಣ್ಣ ಒಂದೇ ಸಲ ಹಾಕಿದ್ದು ಎಂದ. ಮುಂದಿನ ಸಲವೂ ಹಾಗೇ ಆಯಿತು, ಆಗಲೂ ಒಂದೇ ಸಲ ಎಂದ. "ಪುಡಿಯವನು ಮೋಸ ಮಾಡಿದಾನೆ. ಮೊದಲೇ ವ್ಯಾಕ್ಸ್ ಹಾಕಿ ಕಳ್ಸಿದಾನೆ." ಇರಬಹುದಲ್ಲವೇ ಎಂದು ನಾನೂ ಅಂದುಕೊಂಡೆ. ಅತ್ತಿಗೆ ಅಂದುಕೊಳ್ಳಲಿಲ್ಲ. "ಅಡಿಗೆಮನೇಲಿ ಕಾಫಿಗೆ ಎರಡು ಸಲ ಸಕ್ಕರೆ ಬೀಳ್ತಾ ಇದೆ," ಎಂದರು. "ಅದಕ್ಕೂ ಪುಡಿಯವನು ಕಾರಣಾನಾ?"

ಡಾಕ್ಟರು ಕೊಟ್ಟ ವಾರ ಮುಗಿಯುವ ಮೊದಲು ಕಾಲೇಜಿಗೆ ರಜೆ ಹಾಕಿ ಬೆಳಿಗ್ಗೆಯೇ ಅಂಬತ್ತೂರಿಗೆ ಹೋದೆ. ಹಳೆಯದನ್ನು ಕೆದಕಿ ಸಿಗುವುದು ಏನೂ ಇಲ್ಲ, ಕಣ್ಣಮುಂದೆ ಇರುವುದನ್ನು ನೋಡೋಣ ಎಂದು. ಹೇಳಿದ ಮಾತು ಕೇಳದೆ ಅಣ್ಣ ಪ್ರೆಸ್ಸಿನ ಮುಂದೆ ನಿಂತಿದ್ದ.

"ಬಂದ್ರಾ ಸಿ.ಐ.ಡಿ. ಸಾಹೇಬರು? ಅತ್ತಿಗೆ ಕಳ್ಸಿದ್ಲಾ, ಡಾಕ್ಟರು ಕಳ್ಸಿದ್ರಾ?"

"ನಾನೇ ಬಂದೆ."

"ಹಾಗಾದ್ರೆ ಮುಚ್ಕೊಂಡು ಆ ಸ್ಟೂಲ್ ಮೇಲೆ ಕೂತ್ಕೊ. ಬೆಳಕಿಗೆ ಅಡ್ಡ ಬರ್ಬೇಡ."

ಅದು ಎಲ್ಲೋ ಹರಾಜಿನಲ್ಲಿ ಹಿಡಿದ ಹಳೆಯ ಕ್ರ್ಯಾಂಕ್ ಪ್ರೆಸ್ಸು. ಈಗಿನ ಹೈಡ್ರಾಲಿಕ್ ಪ್ರೆಸ್ಸುಗಳು ಒತ್ತಡ ಹೆಚ್ಚಾದರೆ ತಾವೇ ನಿಲ್ಲುತ್ತವೆ. ಇದಕ್ಕೆ ಆ ತಿಳಿವಳಿಕೆ ಇಲ್ಲ. ದೊಡ್ಡ ಚಕ್ರ ಒಂದು ಸುತ್ತು ಬಂದರೆ ಪಂಚ್ ತನ್ನ ಅಳತೆಯಷ್ಟು ಕೆಳಗೆ ಬಂದೇ ಬರುತ್ತದೆ, ಒಳಗೆ ಎಷ್ಟು ಪುಡಿ ಇದೆ ಎಂದು ಕೇಳುವುದಿಲ್ಲ. ಹೆಚ್ಚಿದ್ದರೆ ಒಡೆಯುವುದು ಪಂಚು, ಇಲ್ಲ ಅಚ್ಚು. ಗಟ್ಟಿ ಉಕ್ಕಿನ ಚೂರು ಹಾರಿದರೆ ಅದು ಮುಂದೆ ನಿಂತವನ ಮುಖದ ಎತ್ತರಕ್ಕೇ.

ಅವತ್ತು ಗಿಡ್ಡ ರಿಂಗುಗಳ ಕೆಲಸ. ಅಚ್ಚು ಮಾತ್ರ ಉದ್ದ ಬುಷ್ಷಿನದೇ. ತೂಗಿಟ್ಟ ಪುಡಿ ಸಣ್ಣ ಸ್ಟೀಲ್ ಲೋಟಗಳಲ್ಲಿ ಸಾಲಾಗಿತ್ತು. ಅಣ್ಣ ಒಂದನ್ನು ಅಚ್ಚಿಗೆ ಸುರಿಯುತ್ತಿದ್ದ, ಬೆರಳಿಂದ ಅಚ್ಚನ್ನು ತಟ್ಟುತ್ತಿದ್ದ, ಎರಡೂ ಕೈಯಿಂದ ಎರಡು ಗುಂಡಿ ಒತ್ತುತ್ತಿದ್ದ. ಪಂಚ್ ಇಳಿದು, ಅಚ್ಚು ಸ್ಪ್ರಿಂಗಿನ ಮೇಲೆ ಜೊತೆಗೆ ಇಳಿದು, ಎರಡೂ ಏಳುತ್ತಿದ್ದವು. ಕಾಲಿನ ಪೆಡಲ್ ತುಳಿದರೆ ಬೂದುಬಣ್ಣದ ರಿಂಗು ಮೇಲೆ ಬರುತ್ತಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ತಟ್ಟೆಯಲ್ಲಿ ಇಡುವಾಗ, ಮೊಟ್ಟೆ ಹಿಡಿದವನ ಹಾಗೆ, ಅವನ ಮುಖ ಸ್ವಲ್ಪ ಹೊತ್ತು ಮೃದುವಾಗುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ. ಒಂದೂ ತಪ್ಪಲಿಲ್ಲ. ಡಾಕ್ಟರಿಗೆ ಹೇಳಬೇಕಾದ ಮಾತು ಮನಸ್ಸಿನಲ್ಲಿ ಹಗುರವಾಗಿ ರೂಪುಗೊಳ್ಳತೊಡಗಿತು: ಅವನು ಮೊದಲಿನಿಂದಲೂ ಹೀಗೆ, ಬಡಾಯಿ ಅಷ್ಟೆ, ಮರೆವಲ್ಲ.

ಟೀ ಬಂತು. ಅಣ್ಣ ಲೋಟ ಬಗ್ಗಿಸಿ ಪುಡಿ ಸುರಿದು, ಅಚ್ಚು ತಟ್ಟಿ, ಟೀ ಕಡೆ ತಿರುಗಿದ. ಟೀ ಕುಡಿಯುತ್ತ ಅಪ್ಪ ರೈಲ್ವೆ ಪಾಸಿನಲ್ಲಿ ನಮ್ಮನ್ನೆಲ್ಲ ಮೈಸೂರಿಗೆ ಕರೆದುಕೊಂಡು ಹೋದದ್ದನ್ನು ಹೇಳಿದ. ಅರಸೀಕೆರೆಯಲ್ಲಿ ನಾನು ಇಡ್ಲಿಗಾಗಿ ಇಳಿದು ರೈಲು ತಪ್ಪಿಸಿಕೊಳ್ಳುವುದರಲ್ಲಿದ್ದೆನಂತೆ.

"ಮದ್ರಾಸಿಂದ ಮೈಸೂರಿಗೆ ಹೋಗೋ ದಾರೀಲಿ ಅರಸೀಕೆರೆ ಎಲ್ಲಿ ಬರುತ್ತೆ ಅಣ್ಣ?"

"ನಿನಗೆ ಆಗ ಚಡ್ಡಿ ಹಾಕ್ಕೊಳ್ಳಕ್ಕೂ ಬರ್ತಿರ್ಲಿಲ್ಲ, ದಾರಿ ಹೇಳ್ತೀಯಾ ನಂಗೆ?" ನಕ್ಕು, ಲೋಟ ಕೆಳಗಿಟ್ಟು, ಪ್ರೆಸ್ಸಿಗೆ ತಿರುಗಿದ. ಸಾಲಿನಿಂದ ಇನ್ನೊಂದು ಸ್ಟೀಲ್ ಲೋಟ ಎತ್ತಿಕೊಂಡು ಅಚ್ಚಿನ ಬಾಯಿಗೆ ತಂದ.

ನಾನು ಎದ್ದು ಅವನ ಮಣಿಕಟ್ಟು ಹಿಡಿದೆ. "ಅಣ್ಣ, ಹಾಕಿ ಆಗಿದೆ."

"ಇಲ್ಲ."

"ಟೀಗೆ ಮುಂಚೆ ನೀನೇ ಹಾಕಿದೆ."

"ಅದು ಒತ್ತಿ ತೆಗೆದಾಯ್ತು. ಕೈ ಬಿಡು."

ಅವನ ಕಣ್ಣಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಅನುಮಾನ ಬಂದದ್ದು ನನಗೆ. ಟೀಗೆ ಮುಂಚೆ ಅವನು ಸುರಿದದ್ದನ್ನು ನಾನು ನೋಡಿದೆನೇ? ಅದು ಅದರ ಹಿಂದಿನ ರಿಂಗಿನದೋ? ತಟ್ಟೆಯಲ್ಲಿ ಕೊನೆಯ ರಿಂಗು ಇಟ್ಟದ್ದು ಟೀ ಬರುವ ಮೊದಲೋ ಆಮೇಲೋ? ಕಣ್ಣಾರೆ ನೋಡಿ ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ನನ್ನ ಕಾಲ ಕೆಳಗಿನ ನೆಲ ಸರಿದಿತ್ತು. ಎಷ್ಟೋ ವರ್ಷಗಳ ಹಿಂದಿನ ಒಂದು ಪದವನ್ನು ಈ ತಲೆಯಿಂದ ಹೊರಗೆ ತೆಗೆಯಲು ಹೊರಟಿದ್ದೆ ನಾನು.

ಆದರೂ ಕೈ ಬಿಡಲಿಲ್ಲ.

"ನೋಡೋಣ," ಎಂದೆ. "ಇಣುಕಿ ನೋಡೋಣ, ಅಷ್ಟೇ ತಾನೇ."

"ನೋಡು. ಟಾರ್ಚ್ ಅಲ್ಲಿದೆ. ಖಾಲಿ ಇದ್ರೆ ನೀನು ಇನ್ಮೇಲೆ ಈ ಕಡೆ ತಲೆ ಹಾಕಬಾರ್ದು."

"ಆಯ್ತು."

ಖಾಲಿ ಇರಲಿ ಎಂದು ನಾನು ಬೇಡಿಕೊಂಡೆ. ಯಾರನ್ನು ಎಂದು ಕೇಳಬೇಡಿ. ನನಗೆ ಬೇಡಿಕೊಳ್ಳಲು ಯಾರೂ ಇಲ್ಲ. ಟಾರ್ಚನ್ನು ಅವನೇ ಕಿತ್ತುಕೊಂಡು ಬಗ್ಗಿದ. ಉದ್ದ ಅಚ್ಚು. ಅದರ ಅರ್ಧದವರೆಗೆ ಬೂದು ಪುಡಿ, ತಟ್ಟಿ ಸಮ ಮಾಡಿದ್ದು. ಇನ್ನೊಂದು ಲೋಟ ಸುರಿದಿದ್ದರೂ ಚೆಲ್ಲದೆ ಹಿಡಿಸುತ್ತಿತ್ತು. ಚೆಲ್ಲಿದರಾದರೂ ಗೊತ್ತಾಗುತ್ತಿತ್ತು.

ಅವನು ಬಹಳ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ಕೈಲಿದ್ದ ಲೋಟದ ಪುಡಿಯನ್ನು ಡಬ್ಬಿಗೆ ವಾಪಸ್ ಸುರಿದ, ಒಂದು ಕಣವೂ ಬೀಳದ ಹಾಗೆ. ಹಿಂದೆ ಹೋಗಿ ಮೋಟಾರಿನ ಸ್ವಿಚ್ ಆರಿಸಿದ. ದೊಡ್ಡ ಚಕ್ರ ಕೂಡಲೇ ನಿಲ್ಲುವುದಿಲ್ಲ. ಅದು ತನ್ನ ಪಾಡಿಗೆ ತಿರುಗುತ್ತ, ನಿಧಾನವಾಗುತ್ತ, ಕೊನೆಯಲ್ಲಿ ಸ್ವಲ್ಪ ಹಿಂದಕ್ಕೆ ವಾಲಿ ನಿಂತಿತು.

"ಡಾಕ್ಟರಿಗೆ ಏನು ಹೇಳ್ತೀಯ?"

"ಇದನ್ನ."

"ಹೇಳು." ಬಟ್ಟೆಗೆ ಕೈ ಒರೆಸಿಕೊಂಡ. ಒರೆಸಿದಷ್ಟೂ ಕೈ ಕಪ್ಪಾಗೇ ಇತ್ತು. "ಯಾವಾಗಿನಿಂದ ಅಂತ ಕೇಳಿದ್ರೆ?"

"ಗೊತ್ತಿಲ್ಲ ಅಂತೀನಿ."

"ಆ ಮೆರುಗಿನ ವಿಷ್ಯ ಎತ್ತಬೇಡ. ಅದು ನಾನೇ ಹೇಳಿದ್ದು. ಸರಿಯಾಗೇ ಹೇಳಿದ್ದು."

ನಾನು ಆ ವಾರವೆಲ್ಲ ಅದನ್ನೇ ತಿಕ್ಕುತ್ತಿದ್ದೆನೆಂದು ಅವನಿಗೆ ಹೇಗೆ ಗೊತ್ತಾಯಿತು? ಮೇಸ್ತ್ರಿ ಫೋನ್ ಮಾಡಿ ಹೇಳಿರಬೇಕು. ಅಥವಾ ಅವನೂ ಅದನ್ನೇ ತಿಕ್ಕುತ್ತಿದ್ದನೋ ಏನೋ.

"ನನಗೆ ನೆನಪಿಲ್ಲ ಅಣ್ಣ. ನಿಜವಾಗಲೂ ನೆನಪಿಲ್ಲ."

"ನಿನಗೆ ನೆನಪಿಲ್ಲ ಅಂದ್ಮೇಲೆ ನನ್ನದೇ ಲೆಕ್ಕ," ಎಂದ. ನಗಲು ನೋಡಿದ. ಅಚ್ಚಿನೊಳಗಿದ್ದ ಆ ಒಂದು ಲೋಟ ಪುಡಿಯನ್ನು ಯಾರಿಂದಲೂ ಒತ್ತಿಸಲಿಲ್ಲ. ಶೆಡ್ಡಿನ ಬಾಗಿಲು ಎಳೆಯುವಾಗ ಹಿಂದೆ ತಿರುಗಿ ನೋಡಿದವನು ನಾನು, ಅವನು ನೋಡಲಿಲ್ಲ.

ವಾರ ಮುಗಿದ ಮೇಲೆ ಡಾಕ್ಟರಿಗೆ ಹೇಳಿದೆ. ಯಾವಾಗಿನಿಂದ ಎಂದು ಗೊತ್ತಿಲ್ಲ ಎಂದೆ, ಶೆಡ್ಡಿನಲ್ಲಿ ಏನು ನೋಡಿದೆನೆಂದು ಹೇಳಿದೆ. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿಸಿಕೊಂಡರು. ಡಾಕ್ಟರು ತಲೆಯಾಡಿಸಿ, ಅಣ್ಣನ ಮುಂದೆ ಚಿತ್ರಗಳನ್ನು ಒಂದೊಂದಾಗಿ ಇಟ್ಟು, ಯಾವ ಭಾಷೆಯಲ್ಲಾದರೂ ಸರಿ, ಹೆಸರು ಹೇಳಲು ಕೇಳಿದರು. ಗಡಿಯಾರ ಎಂದ. ಬೀಗದ ಕೈ ಎಂದ. ಒಂಟೆಗೆ ಸ್ವಲ್ಪ ಯೋಚಿಸಿ, ತಮಿಳಿನಲ್ಲಿ ಹೇಳಿದ. ಮುಂದಿನ ಚಿತ್ರ ಬಂತು. ಉರಿಯುತ್ತಿರುವ ಮೇಣದಬತ್ತಿ.

ಅಣ್ಣ ಅದನ್ನು ನೋಡಿದ. ಬಾಯಿ ಅರ್ಧ ತೆರೆದು ನಿಂತಿತು. ನಾನು ಕುರ್ಚಿಯ ತುದಿಗೆ ಬಂದು ಕಿವಿ ಮುಂದೆ ಚಾಚಿದೆ. ಇಲ್ಲಿ ಬಾಲ್ ಮಿಲ್ ಇರಲಿಲ್ಲ, ಫೋನಿನ ಗರಗರ ಇರಲಿಲ್ಲ, ಮೇಲಿನ ಫ್ಯಾನು ಕೂಡ ನಿಂತಿತ್ತು. ಅಮ್ಮ ಹೇಳುತ್ತಿದ್ದ ಹಾಗೇ ಹೇಳಿದ. ಡಾಕ್ಟರು ಸರಿ ಎಂದು ಗುರುತು ಹಾಕಿಕೊಂಡು ಮುಂದಿನ ಚಿತ್ರ ತೆಗೆದರು.

ಅಣ್ಣ ಚಿತ್ರದ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, ಏನು ಕೇಳಿಸಿತು ನಿನಗೆ ಎನ್ನುವ ಹಾಗೆ ಹುಬ್ಬು ಏರಿಸಿದ. ನನಗೆ ಕೇಳಿಸಿದ್ದು ಅರ್ಧ ರ, ಅರ್ಧ ಳ.